ಆರ್ನಾಲ್ಡನ ಒಂದು ಮರೆತ ಪ್ರಬಂಧ: ಶಾಲೆಯ ವೆಚ್ಚವೂ ಓದಿನ ಅಳತೆಯೂ

೧

ಮ್ಯಾಥ್ಯೂ ಆರ್ನಾಲ್ಡನ (೧೮೨೨–೧೮೮೮) ಹೆಸರು ನಮ್ಮ ಕಾಲೇಜುಗಳಲ್ಲಿ ಆಂಗ್ಲ ಸಾಹಿತ್ಯವನ್ನು ವ್ಯಾಸಂಗ ಮಾಡಿದವರಿಗೆ ಹೊಸದಲ್ಲ. ಅವನ ಕವಿತೆಗಳನ್ನು ಪಾಠವಾಗಿ ಓದಿದ್ದೇವೆ. ಅವನ ವಿಮರ್ಶಾಪ್ರಬಂಧಗಳಿಂದ ಕಾವ್ಯಪರೀಕ್ಷೆಯ ಕೆಲವು ಸೂತ್ರಗಳನ್ನು ಎರವಲು ತಂದು ನಮ್ಮ ಕವಿಗಳಿಗೆ ಅನ್ವಯಿಸಿ ನೋಡಿದ್ದೇವೆ. ‘ಸಂಸ್ಕೃತಿ’ ಎಂಬ ಪದವನ್ನು ಪ್ರಯೋಗಿಸುವಾಗ ತಿಳಿದೋ ತಿಳಿಯದೆಯೋ ಅವನ ಅಭಿಪ್ರಾಯದ ಛಾಯೆಯನ್ನು ಅದರಲ್ಲಿ ಬೆರಸಿದ್ದೇವೆ. ಆದರೆ ಈ ವಿಮರ್ಶಕನು ೧೮೫೧ರಿಂದ ೧೮೮೬ರವರೆಗೆ, ಎಂದರೆ ಮೂವತ್ತೈದು ವರ್ಷಗಳ ಕಾಲ, ಬಡಮಕ್ಕಳ ಪ್ರಾಥಮಿಕ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದನೆಂಬುದನ್ನು ಅವನ ಜೀವನಚರಿತ್ರೆಯ ಒಂದು ಸಾಲೆಂದು ಮಾತ್ರ ಎಣಿಸಿ ಮುಂದಕ್ಕೆ ಹೋಗುವುದು ವಾಡಿಕೆ. ೧೮೫೭ರಿಂದ ೧೮೬೭ರವರೆಗೆ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿ ಉಪನ್ಯಾಸಗಳನ್ನು ಕೊಡುತ್ತಿದ್ದ ಕಾಲದಲ್ಲಿಯೂ ಅವನ ಅನ್ನದ ಉದ್ಯೋಗ ಇದೇ ಆಗಿತ್ತು. ಉಪನ್ಯಾಸಗಳು ಗ್ರಂಥಗಳಾಗಿ ನಿಂತವು. ಶಾಲೆಯ ಕೆಲಸವು ಕಡತಗಳಲ್ಲಿ ಅಡಗಿತು.

ಹೀಗೆ ಅಡಗಿದ ಬರೆಹಗಳಲ್ಲಿ ಒಂದನ್ನು ಸಾಹಿತ್ಯವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅದು ‘ದಿ ಟ್ವೈಸ್-ರಿವೈಸ್ಡ್ ಕೋಡ್’, ಎಂದರೆ ‘ಎರಡು ಸಾರಿ ಪರಿಷ್ಕೃತವಾದ ನಿಯಮಾವಳಿ’ ಎಂಬ ಪ್ರಬಂಧ. ೧೮೬೨ನೆಯ ಮಾರ್ಚಿಯಲ್ಲಿ ‘ಫ್ರೇಸರ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯಲ್ಲಿ, ಬರೆದವನ ಹೆಸರಿಲ್ಲದೆ, ಅದು ಪ್ರಕಟವಾಯಿತು. ಅದರ ವಸ್ತು ಕಾವ್ಯವಲ್ಲ, ಧರ್ಮವಲ್ಲ. ಶಾಲೆಗಳಿಗೆ ಸರ್ಕಾರವು ಕೊಡುತ್ತಿದ್ದ ಹಣವನ್ನು ಕಡಮೆ ಮಾಡುವ ಒಂದು ಯೋಜನೆ. ಹೆಸರಿಲ್ಲದಿದ್ದುದಕ್ಕೆ ಕಾರಣವು ಸ್ಪಷ್ಟ: ಯೋಜನೆಯ ಕರ್ತನು ಆರ್ನಾಲ್ಡನ ಇಲಾಖೆಗೇ ಅಧಿಪತಿಯಾಗಿದ್ದನು.

ಇಂಥ ಬರೆಹವು ಸಾಹಿತ್ಯದ ಅಧ್ಯಾಪಕರಿಗೆ ಏತಕ್ಕೆ ಎಂದು ಕೇಳಬಹುದು. ನಮ್ಮ ಉತ್ತರ ಇದು: ಹಣದ ವಿಷಯದಲ್ಲಿ ವಾದ ನಡೆಯುವಾಗ ಪಕ್ಷಪ್ರತಿಪಕ್ಷಗಳು ಅಂಕಿಗಳನ್ನು ಹಿಡಿದು ಹೋರಾಡುವುವಾದರೂ, ಗೆಲ್ಲುವುದು ಸೋಲುವುದು ಬಹುಮಟ್ಟಿಗೆ ಕೆಲವು ಪದಗಳ ಮೇಲೆ ನಿಂತಿರುತ್ತದೆ. ಆರ್ನಾಲ್ಡನು ಈ ಪ್ರಬಂಧದಲ್ಲಿ ಮಾಡಿರುವುದು ಅಂಥ ಪದಗಳ ಪರೀಕ್ಷೆ. ಆ ಪರೀಕ್ಷೆಯಲ್ಲಿ ಅವನು ಅರ್ಧ ಗೆದ್ದನು. ಉಳಿದರ್ಧದಲ್ಲಿ ಎದುರಾಳಿಯ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟನು. ಎರಡನ್ನೂ ತೂಗಿ ನೋಡಬೇಕಾಗಿದೆ.

೨

ಮೊದಲು ಸಂದರ್ಭವನ್ನು ಸಂಗ್ರಹವಾಗಿ ಹೇಳಬೇಕು. ಇಂಗ್ಲೆಂಡಿನಲ್ಲಿ ಬಡವರ ಮಕ್ಕಳ ಶಾಲೆಗಳನ್ನು ಆಗ ನಡಸುತ್ತಿದ್ದುದು ಸರ್ಕಾರವಲ್ಲ, ಮತಸಂಬಂಧವಾದ ಸಂಘಗಳು. ೧೮೩೩ರಲ್ಲಿ ಪಾರ್ಲಿಮೆಂಟು ಮೊದಲ ಸಾರಿ ಇಪ್ಪತ್ತು ಸಾವಿರ ಪೌಂಡುಗಳನ್ನು ಈ ಶಾಲೆಗಳ ಕಟ್ಟಡಗಳಿಗಾಗಿ ಕೊಟ್ಟಿತು. ೧೮೪೬ರ ನಿಯಮಗಳ ಪ್ರಕಾರ ಉಪಾಧ್ಯಾಯರ ಸಂಬಳಕ್ಕೆ ಸರ್ಕಾರದಿಂದ ಸ್ವಲ್ಪ ಭಾಗ ಸೇರತೊಡಗಿತು; ದೊಡ್ಡ ಹುಡುಗರನ್ನು ಸಣ್ಣ ವೇತನ ಕೊಟ್ಟು ಉಪಾಧ್ಯಾಯನ ಕೈಕೆಳಗೆ ಕಲಿಯುತ್ತ ಕಲಿಸುವ ‘ಶಿಷ್ಯೋಪಾಧ್ಯಾಯ’ರನ್ನಾಗಿ ನೇಮಿಸುವ ಪದ್ಧತಿ ಬಂದಿತು. ವೆಚ್ಚವು ಬೆಳೆಯುತ್ತ ಹೋಗಿ ೧೮೬೦ರ ಸುಮಾರಿಗೆ ವರ್ಷಕ್ಕೆ ಎಂಟು ಲಕ್ಷ ಪೌಂಡುಗಳಷ್ಟಾಯಿತು. ೧೮೫೩ರಿಂದ ೧೮೫೬ರವರೆಗೆ ನಡೆದ ಕ್ರಿಮಿಯಾ ಯುದ್ಧದ ಸಾಲ ಬೆನ್ನ ಮೇಲಿತ್ತು; ೧೮೫೯ರಿಂದ ಹಣಕಾಸಿನ ಮಂತ್ರಿಯಾಗಿದ್ದ ಗ್ಲಾಡ್‌ಸ್ಟನ್ನನು ಮಿತವ್ಯಯದಲ್ಲಿ ಕಟ್ಟುನಿಟ್ಟಿನವನು.

೧೮೫೮ರಲ್ಲಿ ನ್ಯೂಕ್ಯಾಸಲಿನ ಡ್ಯೂಕನ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿ ನೇಮಕವಾಗಿ, ೧೮೬೧ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಸಮಿತಿಗೆ ಒಪ್ಪಿಸಿದ್ದ ಕಾರ್ಯದ ಒಕ್ಕಣೆಯನ್ನು ವಾಚಕರು ಗಮನಿಸಬೇಕು: ಎಲ್ಲ ವರ್ಗದ ಜನರಿಗೂ ‘ಗಟ್ಟಿಯಾದ ಮತ್ತು ಅಗ್ಗವಾದ’ ಪ್ರಾಥಮಿಕ ವಿದ್ಯೆಯನ್ನು ಹಬ್ಬಿಸುವುದು ಹೇಗೆ ಎಂಬುದು ಅದರ ತಾತ್ಪರ್ಯ. ಸಮಿತಿಯವರು ಕಂಡುದೇನೆಂದರೆ, ಶಾಲೆಗಳಿಗೆ ಬರುವ ಮಕ್ಕಳಲ್ಲಿ ನಾಲ್ಕರಲ್ಲೊಂದು ಪಾಲಿಗೆ ಮಾತ್ರ ಒಳ್ಳೆಯ ವಿದ್ಯೆ ದೊರೆಯುತ್ತಿದೆ. ಉಪಾಧ್ಯಾಯರು ಮೇಲಿನ ತರಗತಿಯ ಜಾಣ ಹುಡುಗರ ಕಡೆಗೆ ಗಮನವಿಟ್ಟು ಕೆಳಗಿನ ಮಕ್ಕಳನ್ನು ಅಲಕ್ಷ್ಯಮಾಡುತ್ತಾರೆ. ಆಗ ಶಿಕ್ಷಣದ ಇಲಾಖೆಯನ್ನು ಪಾರ್ಲಿಮೆಂಟಿನಲ್ಲಿ ಪ್ರತಿನಿಧಿಸುತ್ತಿದ್ದ ರಾಬರ್ಟ್ ಲೋ ಎಂಬುವನು ಈ ಮಾತನ್ನು ಹಿಡಿದು ಪರಿಷ್ಕೃತ ನಿಯಮಾವಳಿಯನ್ನು ರಚಿಸಿದನು. ಗದ್ದಲವೆದ್ದ ಮೇಲೆ ಅದನ್ನು ತಿದ್ದಿ ಮತ್ತೊಮ್ಮೆ ಮುಂದಿಟ್ಟನು. ಆರ್ನಾಲ್ಡನ ಶಿರೋನಾಮದಲ್ಲಿ ‘ಎರಡು ಸಾರಿ’ ಎಂದಿರುವುದರ ಚುಚ್ಚು ಇದೇ.

ಕಡೆಗೆ ಸ್ಥಿರಪಟ್ಟ ರೂಪದಲ್ಲಿ ಅದರ ಸಾರಾಂಶ ಹೀಗಿತ್ತು: ಉಪಾಧ್ಯಾಯರಿಗೆ ನೇರವಾಗಿ ಸಲ್ಲುತ್ತಿದ್ದ ದ್ರವ್ಯವು ನಿಂತಿತು. ಸರಾಸರಿ ಹಾಜರಿಯ ಮೇಲೆ ತಲೆಗೆ ೪ ಷಿಲಿಂಗು. ಆರು ವರ್ಷ ಮೀರಿ, ೨೦೦ಕ್ಕೆ ಹೆಚ್ಚು ಹೊತ್ತು ಹಾಜರಾದ ಪ್ರತಿಯೊಂದು ಮಗುವಿಗೂ ಮತ್ತೆ ೮ ಷಿಲಿಂಗು. ಆದರೆ ಇದು ಇನ್‌ಸ್ಪೆಕ್ಟರನು ಬಂದು ಓದು, ಬರೆಹ, ಲೆಕ್ಕಗಳಲ್ಲಿ ಒಂದೊಂದು ಮಗುವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆ. ಒಂದು ವಿಷಯದಲ್ಲಿ ತಪ್ಪಿದರೆ ೨ ಷಿಲಿಂಗು ೮ ಪೆನ್ನಿ ಕಡಿತ. ಹೀಗೆ ಶಾಲೆಯ ಹನ್ನೆರಡು ಷಿಲಿಂಗುಗಳಲ್ಲಿ ಎಂಟು, ಎಂದರೆ ಮೂರರಲ್ಲಿ ಎರಡು ಪಾಲು, ಒಂದು ದಿವಸದ ಪರೀಕ್ಷೆಯಲ್ಲಿ ತೂಗಾಡತೊಡಗಿತು. ಲೋ ತನ್ನ ಯೋಜನೆಯನ್ನು ಸಮರ್ಥಿಸುತ್ತ, ಇದು ಅಗ್ಗವಾಗದಿದ್ದರೆ ಸಮರ್ಥವಾಗುವುದು, ಸಮರ್ಥವಾಗದಿದ್ದರೆ ಅಗ್ಗವಾಗುವುದು ಎಂಬರ್ಥದ ಮಾತನ್ನಾಡಿದನು.

ಈ ಮಾತಿನ ಚಮತ್ಕಾರಕ್ಕೆ ಸಭೆಯು ಮೆಚ್ಚಿತು. ಆದರೆ ವ್ಯಾಕರಣದ ದೃಷ್ಟಿಯಿಂದ ಅಲ್ಲಿ ನಡೆದುದು ಸಣ್ಣ ಕೆಲಸವಲ್ಲ. ಸಮಿತಿಯ ಒಕ್ಕಣೆಯಲ್ಲಿ ‘ಗಟ್ಟಿ’ ‘ಅಗ್ಗ’ ಎಂಬ ಎರಡು ವಿಶೇಷಣಗಳನ್ನು ಕೂಡಿಸಿದ್ದುದು ಒಂದು ಸಮುಚ್ಚಯ. ಲೋ ಅದನ್ನು ವಿಕಲ್ಪವನ್ನಾಗಿ ಮಾಡಿದನು. ‘ಮತ್ತು’ ಇದ್ದ ಕಡೆಯಲ್ಲಿ ‘ಅಥವಾ’ ಬಂದು ಕುಳಿತಿತು. ಎರಡರಲ್ಲಿ ಒಂದು ಬಂದರೂ ಲಾಭವೇ ಎಂದು ತೋರಿಸಿದಾಗ, ವಿದ್ಯೆ ಕೆಟ್ಟರೂ ಯೋಜನೆ ಗೆದ್ದಂತಾಗುವುದೆಂಬುದನ್ನು ಕೇಳುಗರು ಮರೆಯುತ್ತಾರೆ. ಆಯವ್ಯಯದ ವಾದಗಳಲ್ಲಿ ಅವ್ಯಯಗಳ ಮೇಲೂ ಕಣ್ಣಿಟ್ಟಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

೩

ಇನ್ನು ಆರ್ನಾಲ್ಡನ ವಾದ. ಅದರ ಅಡಿಗಲ್ಲು ಒಂದೇ ಪ್ರಶ್ನೆ: ಸರ್ಕಾರವು ಇಲ್ಲಿಯವರೆಗೆ ಕೊಡುತ್ತಿದ್ದ ಹಣದಿಂದ ಕೊಂಡುಕೊಳ್ಳುತ್ತಿದ್ದ ವಸ್ತು ಯಾವುದು? ಲೋವಿನ ದೃಷ್ಟಿಯಲ್ಲಿ ಅದು ಓದು, ಬರೆಹ, ಲೆಕ್ಕ ಎಂಬ ಮೂರು ಸರಕುಗಳು. ಸರಕು ಕೈಗೆ ಬಂದಾಗ ಬೆಲೆ ಕೊಡುವುದು, ಬಾರದಿದ್ದರೆ ಇಲ್ಲ. ತನ್ನ ಪದ್ಧತಿಯನ್ನು ಅವನು ಮುಕ್ತ ವಾಣಿಜ್ಯಕ್ಕೂ ಹಳೆಯದನ್ನು ಸರ್ಕಾರದ ಆಶ್ರಯದಿಂದ ಬದುಕುವ ವ್ಯಾಪಾರಕ್ಕೂ ಹೋಲಿಸಿದನು. ಆರ್ನಾಲ್ಡನ ದೃಷ್ಟಿಯಲ್ಲಿ ಸರ್ಕಾರವು ಪೋಷಿಸುತ್ತಿದ್ದುದು ಶಾಲೆಯೆಂಬ ಇಡಿಯಾದ ಒಂದು ಜೀವಂತ ಸಂಸ್ಥೆಯನ್ನು. ಒರಟಾದ ಬೀದಿಯ ನಡುವೆ ಶುಚಿ, ಕ್ರಮ, ನಯ, ಕುತೂಹಲಗಳ ಒಂದು ನೆಲೆ ಇರುವುದು. ಮಗು ಅದರೊಳಗೆ ಬೆಳೆಯುವುದು. ಓದುಬರೆಹಗಳು ಆ ಬೆಳವಣಿಗೆಯ ಅಂಗಗಳು. ಹೊಸ ನಿಯಮವು ಈ ಪೋಷಣೆಯನ್ನು ತೆಗೆದು ಅದರ ಸ್ಥಾನದಲ್ಲಿ ಬಹುಮಾನಗಳ ಒಂದು ಪಟ್ಟಿಯನ್ನು ಇಡುತ್ತದೆ ಎಂದು ಅವನ ಆಕ್ಷೇಪಣೆ.

ಇಷ್ಟೇ ಆಗಿದ್ದರೆ ಇದನ್ನು ಭಾವುಕನ ಮಾತೆಂದು ಬಿಡಬಹುದಾಗಿತ್ತು. ಪ್ರಬಂಧದ ಬಲವಿರುವುದು ಅವನು ‘ಓದು’ ಎಂಬ ಒಂದೇ ಪದವನ್ನು ಎತ್ತಿಕೊಂಡು ಬಿಡಿಸುವುದರಲ್ಲಿ. ನಾಲ್ಕರಲ್ಲಿ ಮೂರು ಪಾಲು ಮಕ್ಕಳಿಗೆ ಓದಲು ಬಾರದು ಎಂಬ ಆರೋಪದಲ್ಲಿ ‘ಓದುವುದು’ ಎಂದರೆ ಏನು? ವೃತ್ತಪತ್ರಿಕೆಯನ್ನು ಸರಾಗವಾಗಿ, ಕೇಳುವವರಿಗೆ ಹಿತವಾಗುವಂತೆ, ಅರ್ಥವರಿತು ಓದುವುದೆಂದಾದರೆ, ಅದು ಅಕ್ಷರಜ್ಞಾನದಿಂದ ಮಾತ್ರ ಬರುವುದಲ್ಲ. ಸಿರಿವಂತರ ಮನೆಯ ಮಗುವಿಗೆ ಅದು ಬರುವುದು ಪಾಠದಿಂದಲ್ಲ. ಮನೆಯಲ್ಲಿ ಕೇಳುವ ಮಾತಿನಿಂದ, ಕಣ್ಣಿಗೆ ಬೀಳುವ ಪುಸ್ತಕಗಳಿಂದ. ಬಡಮಗುವಿಗೆ ಆ ಮನೆಯಿಲ್ಲ; ಹನ್ನೊಂದು ತುಂಬುವುದರೊಳಗೆ ಅದು ಶಾಲೆಯನ್ನೂ ಬಿಡುತ್ತದೆ. ಅದರ ಪಾಲಿಗೆ ಆ ಮನೆಯ ಸ್ಥಾನದಲ್ಲಿ ನಿಲ್ಲಬಹುದಾದುದು ಶಾಲೆಯ ಒಟ್ಟು ವಾತಾವರಣವೊಂದೇ. ಆದಕಾರಣ ಓದನ್ನು ಉತ್ತಮಪಡಿಸಬೇಕೆಂದಿದ್ದರೆ ಶಾಲೆಯ ಬುದ್ಧಿಜೀವನವನ್ನು ಬಲಪಡಿಸಬೇಕೇ ಹೊರತು, ಅದಕ್ಕೆ ಸಲ್ಲುವ ಹಣವನ್ನು ಕಿತ್ತು ಓದಿಗೆ ಬೆಲೆ ಕಟ್ಟಿದರೆ ಫಲವಿಲ್ಲ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಪುಸ್ತಕದ ಹುಳುಗಳನ್ನು ಹಾಸ್ಯಮಾಡಲು ಬಳಸುತ್ತೇವೆ. ಆರ್ನಾಲ್ಡನ ವಾದದ ಬೆಳಕಿನಲ್ಲಿ ಅದಕ್ಕೆ ಮತ್ತೊಂದು ಅರ್ಥ ಹೊಳೆಯುತ್ತದೆ: ಓದಿನೊಳಗೇ ಮುಕ್ಕಾಲು ಪಾಲು ಬುದ್ಧಿಯಿದೆ. ಆ ಮುಕ್ಕಾಲನ್ನು ಲೆಕ್ಕಕ್ಕೆ ಹಿಡಿಯದೆ ಒಕ್ಕಾಲಿಗೆ ಮಾತ್ರ ಹಣ ಕೊಡುವೆನೆಂದರೆ, ಕಡೆಗೆ ಆ ಒಕ್ಕಾಲೂ ಕೈಗೆ ಬಾರದು.

ವೆಚ್ಚದ ಪ್ರಶ್ನೆಯನ್ನೂ ಅವನು ಮರೆಸಿಕೊಂಡು ಹೋಗುವುದಿಲ್ಲ. ರಾಜ್ಯದ ವೆಚ್ಚ ಆಗ ವರ್ಷಕ್ಕೆ ಸುಮಾರು ಏಳು ಕೋಟಿ ಪೌಂಡು. ಅದರಲ್ಲಿ ಶಾಲೆಗಳ ಎಂಟು ಲಕ್ಷವು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಮಿತವ್ಯಯವನ್ನು ಹೇಗಾದರೂ ಸಾಧಿಸಬೇಕೆನ್ನುವವರು ನೂರುಗಳನ್ನು ಬಿಗಿಹಿಡಿದು ಲಕ್ಷಗಳನ್ನು ಹರಿಯಬಿಡುತ್ತಾರೆಂದು ಅವನು ಕುಟುಕುತ್ತಾನೆ. ಮಿತವ್ಯಯವು ಮೊದಲು ಹುಡುಕಿಕೊಂಡು ಹೋಗುವುದು ದೊಡ್ಡ ವೆಚ್ಚವನ್ನಲ್ಲ, ತನ್ನನ್ನು ರಕ್ಷಿಸಿಕೊಳ್ಳಲಾರದ ವೆಚ್ಚವನ್ನು. ಸೈನ್ಯಕ್ಕೆ ಬಾಯುಂಟು, ಶಾಲೆಯ ಮಗುವಿಗೆ ಮತವೂ ಇಲ್ಲ, ಪತ್ರಿಕೆಯೂ ಇಲ್ಲ.

೪

ರೀತಿಯ ವಿಷಯದಲ್ಲಿ ಎರಡು ಮಾತು. ಆರ್ನಾಲ್ಡನ ಗದ್ಯದ ಒಂದು ಗುಣವನ್ನು ಅವನ ಮುಂದಿನ ಗ್ರಂಥಗಳಲ್ಲಿ ಎಲ್ಲರೂ ಗುರುತಿಸಿದ್ದಾರೆ. ಎದುರಾಳಿಯ ಹೆಮ್ಮೆಯ ಪದವನ್ನು ಅವನು ಸೌಮ್ಯವಾಗಿ ಕೈಗೆ ತೆಗೆದುಕೊಳ್ಳುತ್ತಾನೆ. ಮತ್ತೆ ಮತ್ತೆ ಉಚ್ಚರಿಸುತ್ತಾನೆ. ಪುನರುಕ್ತಿಯಿಂದಲೇ ಅದರ ಟೊಳ್ಳು ಹೊರಬೀಳುತ್ತದೆ. ೧೮೬೪ರ ಅವನ ಪ್ರಸಿದ್ಧ ಉಪನ್ಯಾಸದಲ್ಲಿ, ವಿಮರ್ಶೆಯ ಕಾರ್ಯವನ್ನು ಕುರಿತದ್ದು, ತನ್ನ ಜನಾಂಗದ ಮೇಲ್ಮೆಯನ್ನು ಹೊಗಳುವ ರಾಜಕಾರಣಿಗಳ ಮಾತಿನ ಪಕ್ಕದಲ್ಲಿ, ಹೆತ್ತ ಮಗುವನ್ನು ಕೊಂದ ಬಡಹೆಂಗಸೊಬ್ಬಳ ಪತ್ರಿಕಾವಾರ್ತೆಯನ್ನು ತಂದಿಟ್ಟು ಸುಮ್ಮನಾಗುವ ವಿಧಾನವು ಓದಿದವರಿಗೆ ಮರೆಯುವಂತಹುದಲ್ಲ. ಇದು ಸಾಹಿತ್ಯಪೀಠದಲ್ಲಿ ಕುಳಿತು ಕಲಿತ ವಿದ್ಯೆಯೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅದಕ್ಕೆ ಎರಡು ವರ್ಷ ಹಿಂದಿನ ಈ ಪ್ರಬಂಧದಲ್ಲಿ ಅದೇ ವಿಧಾನವು ಆಗಲೇ ಕೈಗೂಡಿದೆ. ‘ಪರಿಷ್ಕೃತ’ ಎಂಬ ಪದವನ್ನು ಅವನು ಶಿರೋನಾಮದಲ್ಲಿಯೇ ಹೀಗೆ ಹಿಡಿದಿದ್ದಾನೆ: ಪರಿಷ್ಕಾರದ ಮೇಲೆ ಪರಿಷ್ಕಾರ ಬೇಕಾಗುವ ವಸ್ತುವಿನ ಮೂಲದಲ್ಲಿ ಯಾವ ಯೋಚನೆಯಿತ್ತು ಎಂದು ಕೇಳದೆಯೇ ಕೇಳಿದಂತಾಯಿತು.

ಪ್ರಬಂಧದ ಕೊನೆಯಲ್ಲಿ ಯೋಜನೆಯನ್ನು ಬೆಂಬಲಿಸುವವರ ಒಂದು ಸಾಲು ಬರುತ್ತದೆ: ಮಿತವ್ಯಯದ ಭಕ್ತರು, ಸರ್ಕಾರವು ವಿದ್ಯೆಯ ಗೊಡವೆಗೆ ಬರಕೂಡದೆನ್ನುವ ಮತಪಂಥದವರು, ಬಡವನು ತನ್ನ ಕಸುಬಿಗಿಂತ ಹೆಚ್ಚು ಕಲಿಯದಿರುವುದೇ ಮೇಲೆಂದು ಒಳಗೊಳಗೆ ನಂಬಿದ ಮೇಲ್ವರ್ಗದ ಸ್ವಾರ್ಥಿಗಳು. ಒಬ್ಬೊಬ್ಬರ ಕಾರಣವೂ ಬೇರೆ, ಮತ ಮಾತ್ರ ಒಂದೇ. ವೆಚ್ಚವನ್ನು ಕತ್ತರಿಸುವ ನಿರ್ಣಯಗಳು ಒಂದು ಸಿದ್ಧಾಂತದಿಂದ ಹುಟ್ಟದೆ ಅನೇಕ ಉದಾಸೀನತೆಗಳ ಕೂಟದಿಂದ ಹುಟ್ಟುತ್ತವೆಂಬುದನ್ನು ಈ ಪಟ್ಟಿಯು ಕಾಣಿಸುತ್ತದೆ. ಇಲ್ಲಿ ಆರ್ನಾಲ್ಡನ ಧ್ವನಿ ಏರುತ್ತದೆ; ಅವನಿಗೆ ಸಹಜವಾದ ನಸುನಗೆ ಮರೆಯಾಗುತ್ತದೆ. ತನ್ನ ಅಧಿಕಾರಿಯ ವಿರುದ್ಧ ಹೆಸರು ಮರೆಸಿಕೊಂಡು ಬರೆಯುವವನ ಕೋಪವಾದುದರಿಂದ ಅದು ಕ್ಷಮ್ಯ. ಆದರೂ ಎದುರಾಳಿಗಳ ಉದ್ದೇಶಗಳನ್ನು ಎಣಿಸುವುದರಿಂದ ಎದುರಾಳಿಗಳ ವಾದಕ್ಕೆ ಉತ್ತರ ಕೊಟ್ಟಂತಾಗಲಿಲ್ಲವೆಂಬುದನ್ನೂ ಹೇಳಬೇಕು.

೫

ಪ್ರಬಂಧವು ಯೋಜನೆಯನ್ನು ತಡೆಯಲಿಲ್ಲ. ಪ್ರಬಂಧವೇ ಮೊದಲಾದ ಪ್ರತಿಭಟನೆಗಳ ಒತ್ತಡದಿಂದ ಹಾಜರಿಯ ಮೇಲಿನ ನಾಲ್ಕು ಷಿಲಿಂಗು ಮಾತ್ರ ಪರೀಕ್ಷೆಯ ಹಂಗಿಲ್ಲದೆ ಉಳಿಯಿತು. ನಿಯಮಾವಳಿ ಜಾರಿಗೆ ಬಂದಮೇಲೆ ನಾಲ್ಕಾರು ವರ್ಷಗಳೊಳಗೆ ಸರ್ಕಾರದ ವೆಚ್ಚವು ಆರೂವರೆ ಲಕ್ಷ ಪೌಂಡಿನ ಆಸುಪಾಸಿಗೆ ಇಳಿಯಿತು. ಅಗ್ಗವಾಗುವುದೆಂಬ ಲೋವಿನ ಮಾತು ನಿಜವಾಯಿತು. ಇನ್ನೊಂದು ಮಾತೇನಾಯಿತು?

ಇದಕ್ಕೆ ಉತ್ತರವು ಆರ್ನಾಲ್ಡನ ಇಲಾಖಾವರದಿಗಳಲ್ಲಿದೆ. ಅವನ ಮರಣಾನಂತರ, ೧೮೮೯ರಲ್ಲಿ, ಅವನ್ನು ಫ್ರಾನ್ಸಿಸ್ ಸ್ಯಾಂಡ್‌ಫರ್ಡನು ಒಂದು ಸಂಪುಟವಾಗಿ ಪ್ರಕಟಿಸಿದನು. ವಾದಗ್ರಂಥವಾದ ಪ್ರಬಂಧಕ್ಕಿಂತ ಈ ವರದಿಗಳ ಗದ್ಯವು ಶುಷ್ಕ. ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಮನಮುಟ್ಟುವಂಥದು ಅದೇ. ೧೮೬೧ರಲ್ಲಿ ಮೂವತ್ತಾರು ಮಕ್ಕಳಿಗೆ ಒಬ್ಬನಂತೆ ಇದ್ದ ಶಿಷ್ಯೋಪಾಧ್ಯಾಯರು ೧೮೬೬ರಲ್ಲಿ ಐವತ್ತನಾಲ್ಕು ಮಕ್ಕಳಿಗೆ ಒಬ್ಬನಂತಾದರೆಂದು ೧೮೬೭ರ ವರದಿಯಲ್ಲಿ ಅವನು ಲೆಕ್ಕ ಕೊಡುತ್ತಾನೆ. ಮೂರು ಮಕ್ಕಳ ನಡುವೆ ಇದ್ದ ಗಮನವನ್ನು ನಾಲ್ಕೂವರೆ ಮಕ್ಕಳ ನಡುವೆ ಹಂಚಿದಂತಾಯಿತು. ಬೇರೆ ದೇಶಗಳ ಶಾಲೆಗಳನ್ನು ನೋಡಿಬಂದ ಕಣ್ಣಿಗೆ ಇಲ್ಲಿಯ ಶಾಲೆಗಳಲ್ಲಿ ಹಿಂದಿದ್ದ ಚೈತನ್ಯವು ಕುಂದಿ ಜಡತೆ ಕವಿದಂತೆ ಕಂಡಿತು.

ಈ ವರದಿಗಳ ಒಂದು ಭಾಗವನ್ನು ಪ್ರತಿಯೊಬ್ಬ ಭಾಷಾ ಅಧ್ಯಾಪಕನೂ ನೆನಪಿನಲ್ಲಿಟ್ಟುಕೊಳ್ಳಬೇಕು. ವರ್ಷಾರಂಭದಲ್ಲಿ ಒಂದು ತರಗತಿಗೆ ಒಂದು ಪುಸ್ತಕವನ್ನು ಆರಿಸಿಕೊಳ್ಳುತ್ತಾರೆ. ವರ್ಷವೆಲ್ಲ ಮಕ್ಕಳು ಅದೊಂದನ್ನೇ ತಿರುತಿರುಗಿ ಓದುತ್ತವೆ, ಬೇರೊಂದನ್ನು ಮುಟ್ಟುವುದಿಲ್ಲ. ಇನ್‌ಸ್ಪೆಕ್ಟರು ಬಂದ ದಿವಸ ಅದೇ ಪುಸ್ತಕದಿಂದ ಎರಡು ಸಾಲು ಓದಿ ಹಣವನ್ನು ಗೆದ್ದುಕೊಡುತ್ತವೆ. ಬೇರೆ ಪುಸ್ತಕ ಕೊಟ್ಟರೆ ತಡವರಿಸುತ್ತವೆ. ನಿಯಮದ ಅಕ್ಷರಕ್ಕೆ ಕುಂದಿಲ್ಲ. ಓದು ಮಾತ್ರ ಇಲ್ಲ. ಓದದೆ ಓದಿನಲ್ಲಿ, ಬರೆಯದೆ ಬರೆಹದಲ್ಲಿ, ಲೆಕ್ಕ ತಿಳಿಯದೆ ಲೆಕ್ಕದಲ್ಲಿ ತೇರ್ಗಡೆಯಾಗುವ ಉಪಾಯವನ್ನು ಉಪಾಧ್ಯಾಯರು ಕಲಿತುಬಿಟ್ಟಿದ್ದಾರೆ; ಪರೀಕ್ಷೆಯು ಪರೀಕ್ಷಕನಿಗೂ ಉಪಾಧ್ಯಾಯನಿಗೂ ನಡುವೆ ನಡೆಯುವ ಯಾಂತ್ರಿಕವಾದ ಒಂದು ಆಟವಾಗಿದೆ ಎಂದು ಅವನ ನಿರ್ಣಯ. ಉಪಾಧ್ಯಾಯರನ್ನು ಅವನು ದೂರುವುದಿಲ್ಲ. ಹಸಿದವನಿಗೆ ಅನ್ನವನ್ನು ಯಾವ ಕೊಳಗದಲ್ಲಿ ಅಳೆದು ಕೊಡುತ್ತಾರೋ ಆ ಕೊಳಗವನ್ನು ತುಂಬುವುದನ್ನು ಅವನು ಕಲಿಯುತ್ತಾನೆ.

ನಮ್ಮ ಹಳೆಯ ಐಗಳ ಮಠಗಳಲ್ಲಿಯೂ ಬಾಯಿಪಾಠವೇ ಪ್ರಧಾನವಾಗಿತ್ತಲ್ಲವೆ ಎಂದು ಕೇಳಬಹುದು. ಅಹುದು. ಆದರೆ ಅಲ್ಲಿ ಬಾಯಿಪಾಠವು ಪಠ್ಯದ ಗೌರವದಿಂದ ಹುಟ್ಟಿದುದು. ಹುಡುಗನ ನೆನಪಿನಲ್ಲಿ ಒಂದು ಕಾವ್ಯವೋ ಕೋಶವೋ ಜೀವಮಾನವೆಲ್ಲ ಉಳಿಯುತ್ತಿತ್ತು. ಆರ್ನಾಲ್ಡನೂ ಒಳ್ಳೆಯ ಕವಿತೆಗಳನ್ನು ಮಕ್ಕಳಿಗೆ ಕಂಠಪಾಠ ಮಾಡಿಸಬೇಕೆಂದು ತನ್ನ ವರದಿಗಳಲ್ಲಿ ಶಿಫಾರಸು ಮಾಡಿದವನೇ. ಅವನು ಖಂಡಿಸಿದುದು ಪರೀಕ್ಷೆಯ ದಿವಸ ಕಳೆದ ಕೂಡಲೆ ಬೆಲೆಯಿಲ್ಲದೆ ಹೋಗುವ ಗಿಳಿಪಾಠವನ್ನು.

೬

ಆರ್ನಾಲ್ಡನ ಪಕ್ಷವನ್ನು ಇಷ್ಟು ಹೇಳಿದಮೇಲೆ ಎದುರುಪಕ್ಷಕ್ಕೂ ನ್ಯಾಯ ಸಲ್ಲಬೇಕು. ಲೋವಿನ ಪ್ರಶ್ನೆ ಸುಳ್ಳು ಪ್ರಶ್ನೆಯಲ್ಲ. ಪ್ರಜೆಗಳ ತೆರಿಗೆಯಿಂದ ಬಂದ ಹಣವು ಮೇಲಿನ ತರಗತಿಯ ನಾಲ್ಕು ಜಾಣರಿಗೆ ಸಂದು, ಹಿಂದಿನ ಬೆಂಚಿನ ಮಂದ ಮಗುವಿಗೆ ಸಲ್ಲುತ್ತಿಲ್ಲವಾದರೆ, ಅದನ್ನು ಸರಿಪಡಿಸುವುದು ಹೇಗೆ? ಜಾಣ ಮಗುವಿಗೂ ಮಂದ ಮಗುವಿಗೂ ಒಂದೇ ಬೆಲೆ ಎಂದು ಗೊತ್ತುಮಾಡಿದ ನಿಯಮವು ಒಂದು ದೃಷ್ಟಿಯಿಂದ ಸಮತೆಯ ನಿಯಮವೇ ಸರಿ. ಅದರಿಂದ ಉಪಾಧ್ಯಾಯನ ಕಣ್ಣು ಹಿಂದಿನ ಬೆಂಚಿನ ಕಡೆಗೆ ತಿರುಗುವ ಸಂಭವವಿತ್ತು. ಆರ್ನಾಲ್ಡನು ಈ ಮಾತನ್ನು ನೇರವಾಗಿ ಎದುರಿಸುವುದಿಲ್ಲ. ಶಾಲೆಯ ‘ನಾಗರಿಕತೆಯ ಪ್ರಭಾವ’ವು ದೊಡ್ಡದೆಂದು ಹೇಳುತ್ತಾನೆ, ಅದು ಯಾವ ಶಾಲೆಯಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ತೋರಿಸುವ ಬಗೆಯನ್ನು ಹೇಳುವುದಿಲ್ಲ. ಇನ್‌ಸ್ಪೆಕ್ಟರನ ಅನುಭವಕ್ಕೆ ಅದು ಕಾಣುತ್ತದೆಂದು ಅವನ ಭಾವ. ಆದರೆ ಸಮಿತಿಯವರ ದೂರು ಇನ್‌ಸ್ಪೆಕ್ಟರರ ಆ ಸಾಮಾನ್ಯಾಭಿಪ್ರಾಯವನ್ನು ಕುರಿತೇ ಇತ್ತು. ಪ್ರಶ್ನೆಗೊಳಗಾದ ಸಾಕ್ಷಿಯೇ ತನ್ನ ಸಾಕ್ಷ್ಯವನ್ನು ಸಮರ್ಥಿಸಿಕೊಂಡರೆ ಪ್ರತಿವಾದಿಗೆ ಸಮಾಧಾನವಾಗುವುದೆಂತು?

ಇದಕ್ಕಿಂತ ಗಹನವಾದ ದೋಷ ಮತ್ತೊಂದಿದೆ. ಬಡಮಗುವಿಗೆ ಓದುವ ಮನೆಯಿಲ್ಲವಾದುದರಿಂದ ಅದರಿಂದ ಸರಾಗವಾದ ಓದನ್ನು ನಿರೀಕ್ಷಿಸಕೂಡದೆಂಬ ಮಾತು ಶಾಲೆಯನ್ನು ಆರೋಪದಿಂದ ಪಾರುಮಾಡುತ್ತದೆ. ಅದರೊಡನೆಯೇ ಮಗುವನ್ನು ಅದರ ಹುಟ್ಟಿಗೆ ಕಟ್ಟಿಹಾಕುತ್ತದೆ. ಹಣ ಕಡಮೆ ಮಾಡಬೇಕೆನ್ನುವವನು ಈ ವಾಕ್ಯವನ್ನು ಹಾಗೆಯೇ ಎತ್ತಿಕೊಂಡು, ‘ಇಂಥ ಮನೆಯ ಮಕ್ಕಳಿಗೆ ಎಷ್ಟು ಸುರಿದರೂ ಅಷ್ಟೆ, ಮತ್ತೇಕೆ ಸುರಿಯಬೇಕು?’ ಎಂದು ಕೇಳಬಹುದು. ಆರ್ನಾಲ್ಡನ ಉದ್ದೇಶವು ಇದಕ್ಕೆ ತೀರ ವಿರುದ್ಧವೆಂಬುದರಲ್ಲಿ ಸಂದೇಹವಿಲ್ಲ. ೧೮೫೯ರಲ್ಲಿ ಫ್ರಾನ್ಸಿನ ಶಾಲೆಗಳನ್ನು ನೋಡಿ ಬಂದು ೧೮೬೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜನತೆಯ ವಿದ್ಯೆಯ ಭಾರವನ್ನು ರಾಜ್ಯವು ಹೊರಬೇಕೆಂದು ಅವನು ವಾದಿಸಿದ್ದಾನೆ. ಆದರೆ ಉದ್ದೇಶದಿಂದ ವಾಕ್ಯಕ್ಕೆ ರಕ್ಷಣೆ ದೊರೆಯುವುದಿಲ್ಲ. ಶಾಲೆಗಳ ಮಿತ್ರರು ಮಕ್ಕಳ ಬಡತನವನ್ನು ನೆಪವಾಗಿ ಮುಂದಿಟ್ಟಾಗಲೆಲ್ಲ ಶಾಲೆಗಳ ಶತ್ರುಗಳಿಗೆ ಒಂದು ಆಯುಧವನ್ನು ಕೊಟ್ಟಂತಾಗುತ್ತದೆ. ವಿಮರ್ಶಕನೆನಿಸಿದವನಿಗೆ ತನ್ನ ಮಾತು ಎದುರಾಳಿಯ ಬಾಯಲ್ಲಿ ಹೇಗೆ ಕೇಳಿಸೀತೆಂಬ ಎಚ್ಚರ ಇರಬೇಕಾಗಿತ್ತು.

ಸ್ವಾರಸ್ಯವೇನೆಂದರೆ, ೧೮೬೨ರ ಪ್ರಬಂಧದಲ್ಲಿ ಇಲ್ಲದ ಉತ್ತರವು ಮುಂದಿನ ವರದಿಗಳಲ್ಲಿ ಬೀಜರೂಪದಲ್ಲಿ ಇದೆ. ವರ್ಷವೆಲ್ಲ ಉರುಹಾಕಿದ ಪುಸ್ತಕವನ್ನು ಬದಿಗಿಟ್ಟು, ಮಗು ಹಿಂದೆ ಕಾಣದ ಮತ್ತೊಂದು ಪುಸ್ತಕವನ್ನು ಅದರ ಕೈಗೆ ಕೊಟ್ಟು ನೋಡುವುದು: ಇದೂ ಒಂದು ಪರೀಕ್ಷೆಯೇ, ಇದಕ್ಕೂ ಸಾಕ್ಷ್ಯಬಲವುಂಟು, ಆದರೆ ಇದನ್ನು ಗಿಳಿಪಾಠದಿಂದ ಗೆಲ್ಲಲಾಗದು. ಇದರಲ್ಲಿ ತೇರ್ಗಡೆಯಾಗಬೇಕಾದರೆ ಶಾಲೆಯಲ್ಲಿ ಅನೇಕ ಪುಸ್ತಕಗಳಿರಬೇಕು, ಓದಿ ಹೇಳಲು ವ್ಯವಧಾನವುಳ್ಳ ಉಪಾಧ್ಯಾಯರಿರಬೇಕು, ಮಕ್ಕಳು ಮಾತನಾಡಬೇಕು. ಎಂದರೆ ಆರ್ನಾಲ್ಡನು ಅಳೆಯಲಾಗದೆಂದ ‘ವಾತಾವರಣ’ವನ್ನೇ ಈ ಪರೀಕ್ಷೆಯು ಹಿಂಬಾಗಿಲಿನಿಂದ ಅಳೆಯುತ್ತದೆ. ಅವನು ಈ ಸೂಚನೆಯನ್ನು ದೂರಿನ ರೂಪದಲ್ಲಿ ಬರೆದು ಬಿಟ್ಟನೇ ಹೊರತು ವಾದದ ರೂಪಕ್ಕೆ ತರಲಿಲ್ಲ. ಅಳತೆಯನ್ನೇ ನಿರಾಕರಿಸುವುದಕ್ಕಿಂತ ಮೇಲಾದ ಅಳತೆಯನ್ನು ಕೇಳಿದ್ದರೆ ಲೋವಿನ ಕೈ ಕಟ್ಟುತ್ತಿತ್ತು.

೭

ಈ ಚರ್ಚೆಯು ಇಂಗ್ಲೆಂಡಿನ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಅಲ್ಲಿ ಹುಟ್ಟಿದ ‘ಫಲಾನುಸಾರ ಸಹಾಯದ್ರವ್ಯ’ದ ಪದ್ಧತಿಯು ೧೮೬೦ರ ದಶಕದಲ್ಲಿಯೇ ಮದರಾಸು ಮತ್ತು ಮುಂಬಯಿ ಅಧಿಪತ್ಯಗಳಿಗೆ ಬಂದಿತು, ಎಂದರೆ ಮಂಗಳೂರು, ಬಳ್ಳಾರಿ, ಧಾರವಾಡ, ಬೆಳಗಾವಿಗಳನ್ನೊಳಗೊಂಡ ಪ್ರಾಂತಗಳ ಸಹಾಯ ಪಡೆಯುವ ಶಾಲೆಗಳ ನಿಯಮಗಳಲ್ಲಿ ಅದು ಸೇರಿತು. ೧೮೮೨ರಲ್ಲಿ ನೇಮಕವಾದ ಹಂಟರ್ ಸಮಿತಿಯು ಪ್ರಾಥಮಿಕ ಶಾಲೆಗಳಿಗೆ ಅದನ್ನು ಶಿಫಾರಸು ಮಾಡಿತು. ಇಂಗ್ಲೆಂಡಿನಲ್ಲಿ ೧೮೯೦ರಿಂದ ಆರಂಭವಾಗಿ ಆ ದಶಕದೊಳಗೆ ಅದು ಮರೆಯಾದ ಮೇಲೆ, ಭಾರತದಲ್ಲಿ ೧೯೦೪ರ ಶಿಕ್ಷಣನಿರ್ಣಯದ ತರುವಾಯ ಅದನ್ನು ಕೈಬಿಟ್ಟರು. ತಾಯಿನಾಡಿನಲ್ಲಿ ಹಳಸಿದ ಅಡುಗೆಯನ್ನು ವಸಾಹತಿನವರು ಇನ್ನೂ ಕೆಲವು ಕಾಲ ಉಂಡಂತಾಯಿತು. ಲೋ ಮಾತ್ರ ತನ್ನ ಇಲಾಖೆಯಲ್ಲಿ ಬಹುಕಾಲ ಉಳಿಯಲಿಲ್ಲ. ಇನ್‌ಸ್ಪೆಕ್ಟರರ ವರದಿಗಳನ್ನು ತಿದ್ದಿಸಿದನೆಂಬ ಆರೋಪವೆದ್ದು ೧೮೬೪ರಲ್ಲಿ ಅವನು ರಾಜೀನಾಮೆ ಕೊಟ್ಟನು.

ಪದ್ಧತಿ ಸತ್ತರೂ ಅದರ ಹಿಂದಿನ ಯೋಚನೆ ಸಾಯಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಶಾಲೆಗಳ ಆಡಳಿತವು ಊರೂರಿನ ಶಾಲಾಮಂಡಲಗಳ ಕೈಯಲ್ಲಿದೆ; ಅವುಗಳ ವರಮಾನದ ದೊಡ್ಡದೊಂದು ಪಾಲು ಸ್ಥಳದ ಆಸ್ತಿತೆರಿಗೆಯಿಂದ ಬರುವುದರಿಂದ ವರ್ಷವರ್ಷವೂ ಆಯವ್ಯಯದ ವಾದ ತಪ್ಪಿದ್ದಲ್ಲ. ೨೦೦೨ರಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಎಂಬ ಕಾಯಿದೆಯು ಓದು ಮತ್ತು ಗಣಿತಗಳ ವಾರ್ಷಿಕ ಪರೀಕ್ಷೆಗಳನ್ನು ವಿಧಿಸಿ, ಹಿಂದೆಬಿದ್ದ ಶಾಲೆಗಳ ಮೇಲೆ ಕ್ರಮಗಳನ್ನು ಗೊತ್ತುಮಾಡಿತು. ಯಾವ ಮಗುವೂ ಹಿಂದೆ ಬೀಳಕೂಡದೆಂಬ ಅದರ ಹೆಸರಿನಲ್ಲಿ ನ್ಯೂಕ್ಯಾಸಲ್ ಸಮಿತಿಯ ಕಳಕಳಿಯೇ ಧ್ವನಿಸುತ್ತದೆ. ಅನೇಕ ಮಂಡಲಗಳು ಈ ಎರಡು ವಿಷಯಗಳಿಗೆ ಹೊತ್ತನ್ನು ಹೆಚ್ಚಿಸಿ ಚರಿತ್ರೆ, ಕಲೆ, ಸಂಗೀತಗಳ ಹೊತ್ತನ್ನು ಕತ್ತರಿಸಿದುವು. ೨೦೧೫ರಲ್ಲಿ ಆ ಕಾಯಿದೆಯ ಸ್ಥಾನದಲ್ಲಿ ಬೇರೊಂದು ಬಂದಿತು. ನಮ್ಮ ನಾಡಿನಲ್ಲಿಯೂ ಮಕ್ಕಳ ಸಂಖ್ಯೆ ಇಳಿದ ಸರ್ಕಾರೀ ಶಾಲೆಗಳನ್ನು ಉಳಿಸಬೇಕೆ, ಮತ್ತೊಂದರೊಡನೆ ಕೂಡಿಸಬೇಕೆ ಎಂಬ ವಾದವು ನಡೆಯುತ್ತಲೇ ಬಂದಿದೆ. ಅಲ್ಲಿ ಎಣಿಕೆಗೆ ಸಿಕ್ಕುವುದು ತಲೆಗಳ ಸಂಖ್ಯೆ. ಆ ಊರಿಗೆ ಶಾಲೆಯು ಏನಾಗಿತ್ತೆಂಬುದನ್ನು ಹೇಳುವವರಿಗೆ ಆರ್ನಾಲ್ಡನಿಗೆ ಬಂದ ತೊಡಕೇ ಬರುತ್ತದೆ.

ಇಂಥ ವಾದಗಳಲ್ಲಿ ಸಾಹಿತ್ಯದ ಅಧ್ಯಾಪಕರು ಸಾಮಾನ್ಯವಾಗಿ ಮೌನದಿಂದಿರುತ್ತಾರೆ. ಇಲ್ಲವೆ ವಿದ್ಯೆಯು ಹಣದಿಂದ ಅಳೆಯತಕ್ಕ ವಸ್ತುವಲ್ಲವೆಂದು ಹೇಳಿ ಎದ್ದುಬರುತ್ತಾರೆ. ಆರ್ನಾಲ್ಡನ ಪ್ರಬಂಧದ ಗುಣವೂ ದೋಷವೂ ನಮಗೆ ಕಲಿಸುವುದು ಬೇರೆ. ‘ಫಲ’, ‘ಸಾಮರ್ಥ್ಯ’, ‘ಮಿತವ್ಯಯ’ ಎಂಬ ಪದಗಳು ಸಭೆಯಲ್ಲಿ ಎದ್ದಾಗ ಅವುಗಳ ಅರ್ಥವನ್ನು ಬಿಡಿಸಿ ಕೇಳುವುದು ನಮ್ಮ ವೃತ್ತಿಗೆ ಹತ್ತಿರವಾದ ಕೆಲಸ. ಅದನ್ನು ಅವನು ಮಾಡಿ ತೋರಿಸಿದನು. ಹಣ ಕೊಡುವವನು ‘ಕಂಡದ್ದೇನು?’ ಎಂದು ಕೇಳುವ ಹಕ್ಕುಳ್ಳವನೆಂದು ಒಪ್ಪಿ, ಮಗುವಿನ ಕೈಗೆ ಹೊಸ ಪುಸ್ತಕವೊಂದನ್ನು ಕೊಟ್ಟು ಓದಿಸಿ ತೋರಿಸುವುದು ಅದರಷ್ಟೇ ಅವಶ್ಯಕ; ಅದನ್ನು ಅವನು ಅರ್ಧದಲ್ಲಿ ಬಿಟ್ಟನು. ವಿದ್ವಾಂಸರು ಅವನ ಕಾವ್ಯಮೀಮಾಂಸೆಯನ್ನು ಓದುವಾಗ ಈ ಪ್ರಬಂಧವನ್ನೂ ವರದಿಗಳ ಸಂಪುಟವನ್ನೂ ಜೊತೆಯಲ್ಲಿಟ್ಟುಕೊಂಡು ಓದಬೇಕೆಂದು ನಮ್ಮ ಪ್ರಾರ್ಥನೆ. ಅವನ ವಿಮರ್ಶೆಯ ಮಾತುಗಳು ಶಾಲೆಯ ಬೆಂಚುಗಳ ನಡುವೆ ಹೇಗೆ ರೂಪುಗೊಂಡುವೆಂಬುದು ಆಗ ತಿಳಿಯುತ್ತದೆ.